ಫೋನ್ ಚಿತ್ರವಿದ್ದ ಗುಂಡಿ

ಫೆಬ್ರುವರಿ 26, ಗುರುವಾರ

ಲೆನ್ಸಿನ ಕಂಪನಿಯವರು ವರ್ಷದ ಮೊದಲಲ್ಲಿ ನಮ್ಮ ಕನ್ನಡಕದ ಅಂಗಡಿಗೆ ಕೊಟ್ಟ ಡೈರಿ ಇದು. ಜನವರಿಯಲ್ಲಿ ಎರಡು ದಿನ ಬರೆದು ಮೂಲೆಗೆ ಹಾಕಿದ್ದೆ. ಯಾರ ಹತ್ತಿರವೂ ಬಾಯಿ ಬಿಡಲಾಗದ್ದನ್ನು ಇಲ್ಲಿಯಾದರೂ ಬರೆದುಕೊಳ್ಳೋಣವೆಂದು ಇವತ್ತು ಧೂಳು ಒರೆಸಿ ತೆಗೆದಿದ್ದೇನೆ. ಕೂತಿರುವುದು ಕಣ್ಣು ಪರೀಕ್ಷೆಯ ಕೋಣೆಯಲ್ಲಿ. ಊಟದ ಹೊತ್ತಿನಲ್ಲಿ ಇಲ್ಲಿಗೆ ಯಾರೂ ಬರುವುದಿಲ್ಲ.

ಎಲ್ಲರಿಗೂ ಗೊತ್ತಿರುವುದು ಇಷ್ಟು. ಹೋದ ಶುಕ್ರವಾರ ಸಂಜೆ ನನ್ನ ಗಂಡನ ಕಾರು ಮೇಲುಸೇತುವೆಯ ಕಂಬಕ್ಕೆ ಗುದ್ದಿತು. ಬೇರೆ ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ. ಇವರ ಬಲತೊಡೆಯ ಮೂಳೆ ಮುರಿದು ರಾಡು ಹಾಕಿದ್ದಾರೆ, ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್. ತಲೆಗೂ ಪೆಟ್ಟಾಗಿದೆ. ಆ ಸಂಜೆಯದು ಏನೂ ನೆನಪಿಲ್ಲ ಎನ್ನುತ್ತಾರೆ. ನೆನಪು ಬಂದರೆ ತಾನಾಗಿ ಬರಲಿ, ಕೆದಕಿ ಕೇಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ.

ನನಗೊಬ್ಬಳಿಗೇ ಗೊತ್ತಿರುವುದು ಇದು. ಶುಕ್ರವಾರ ನಾಲ್ಕು ಮೂವತ್ತೆರಡಕ್ಕೆ ನಾನು ಇವರಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ತೆಗೆದುಕೊಂಡರು. "ಎಲ್ಲಿದ್ದೀರಿ? ಬರುವಾಗ ಬಚ್ಚಲುಮನೆಗೆ ಒಂದು ಬಲ್ಬು" ಎನ್ನುವಷ್ಟರಲ್ಲಿ ಇವರು "ಹೂಂ" ಅಂದರು, ಆಮೇಲೆ ಏನೋ ಸದ್ದು, ಆಮೇಲೆ ಏನೂ ಇಲ್ಲ. ಹನ್ನೊಂದು ಸೆಕೆಂಡು ಎಂದು ನನ್ನ ಫೋನಿನಲ್ಲಿ ಈಗಲೂ ಇದೆ. ನೆಟ್‌ವರ್ಕನ್ನು ಬೈದುಕೊಂಡು ಇನ್ನೆರಡು ಸಲ ಮಾಡಿ, ಎತ್ತಲಿಲ್ಲವೆಂದು ಸಿಟ್ಟಿನಿಂದ ಫ್ರೇಮುಗಳನ್ನು ಒರೆಸಿ ಜೋಡಿಸುತ್ತಾ ನಿಂತಿದ್ದೆ.

ಇವರು ಲಿಫ್ಟ್ ರಿಪೇರಿ ಮಾಡುವವರು. ಒಳಗೆ ಯಾರೋ ಸಿಕ್ಕಿಹಾಕಿಕೊಂಡಿರಬಹುದು, ಕಾಯಿಸಬಾರದು ಎಂದು ಎರಡನೇ ರಿಂಗಿಗೇ ಫೋನ್ ಎತ್ತುವುದು ಇವರ ನೇಮ. ಹದಿನೆಂಟು ವರ್ಷ ಕಂಪನಿಯ ವ್ಯಾನಿನಲ್ಲಿ ಜೊತೆಗಾರ ಓಡಿಸುತ್ತಿದ್ದ, ಇವರು ಪಕ್ಕದಲ್ಲಿ ಕೂತು ಫೋನ್ ನೋಡಿಕೊಳ್ಳುತ್ತಿದ್ದರು. ನಾನೂ ಹದಿನೆಂಟು ವರ್ಷದಿಂದ ನಾಲ್ಕೂವರೆಗೆ ಫೋನ್ ಮಾಡುತ್ತಿದ್ದೆ. ಈ ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದು ಒಂಬತ್ತೇ ದಿನವಾಗಿತ್ತು. ಈಗ ಓಡಿಸುವವರು ಇವರೇ ಅನ್ನುವುದು ನನ್ನ ಮಂದ ತಲೆಗೆ ಹೊಳೆಯಲೇ ಇಲ್ಲ.

ಪೊಲೀಸಿನವರು ಬಂದು ಬರೆದುಕೊಂಡು ಹೋದರು. ಫೋನಿನ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ವಾರ್ಡಿನ ನರ್ಸು ಯಾರ ಹತ್ತಿರವೋ ಹೇಳುತ್ತಿದ್ದಳು: "ಈಗಿನ ಕಾರುಗಳಲ್ಲಿ ಫೋನ್ ಕೈಯಲ್ಲಿ ಹಿಡಿಯೋದೇ ಬೇಡ. ಬ್ಲೂಟೂತ್ ಕಾರಲ್ಲೇ ಇರುತ್ತೆ. ಸ್ಟೇರಿಂಗ್ ಹಿಡಕೊಂಡೇ ಮಾತಾಡಬಹುದು." ಔಷಧಿ ಚೀಟಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಇವರ ಕಾರಿನಲ್ಲಿ ಅದು ಇದೆಯೇ? ಇದ್ದರೆ ಇವರ ಎರಡು ಕೈಯೂ ಸ್ಟೇರಿಂಗಿನ ಮೇಲಿದ್ದವು, ಕಣ್ಣು ರಸ್ತೆಯ ಮೇಲಿತ್ತು, ನಾನು ಮಾಡಿದ್ದು ಬರೀ ಒಂದು ಫೋನ್. ಇಲ್ಲದಿದ್ದರೆ ಇವರ ತೊಡೆ ಮುರಿದವಳು ನಾನು.

ಆ ಕಾರಿನಲ್ಲಿ ನಾನು ಕೂತದ್ದು ಒಂದೇ ಸಲ. ಆ ದಿನ ಯಾರ ಫೋನೂ ಬರಲಿಲ್ಲ. ಇವರನ್ನೇ ಕೇಳಿದರೆ ಯಾಕೆ ಕೇಳುತ್ತೀಯ ಎನ್ನುತ್ತಾರೆ.

ಫೆಬ್ರುವರಿ 28, ಶನಿವಾರ

ಗ್ಯಾರೇಜಿಗೆ ಹೋಗಿದ್ದೆ. ಹಳೇ ಟೈರುಗಳ ಗುಡ್ಡೆ ದಾಟಿ ಒಳಗೆ ಹೋದರೆ ಕಾರು ಮೂತಿ ಜಜ್ಜಿಕೊಂಡು ನಿಂತಿದೆ. ಗ್ಯಾರೇಜಿನ ಯಜಮಾನರು ಐವತ್ತು ದಾಟಿದವರು, ಮಾತು ಮೆತ್ತಗೆ. "ಬಟ್ಟೆ ಬರೆ ಏನಾದ್ರೂ ಇದ್ರೆ ತಗೊಂಡ್ಹೋಗಿ ಅಕ್ಕಾ" ಅಂದರು.

ಸ್ಟೇರಿಂಗಿನ ಎಡಬದಿಯಲ್ಲಿ ಒಂದು ಗುಂಡಿ. ಅದರ ಮೇಲೆ ಪುಟ್ಟದಾಗಿ ಫೋನಿನ ಚಿತ್ರ.

"ಇದನ್ನು ಒತ್ತಿದರೆ ಕಾರಲ್ಲೇ ಮಾತಾಡಬಹುದಾ?" ಎಂದು ಕೇಳಿದೆ.

"ಬ್ಯಾಟರಿ ತೆಗೆದಿಟ್ಟಿದ್ದೀನಿ, ಹಾಕಿ ತೋರಿಸೋಕೆ ಆಗಲ್ಲ. ಮುಂದಿನ ವೈರೆಲ್ಲ ಕಿತ್ತುಹೋಗಿದೆ. ತಡೀರಿ, ಪುಸ್ತಕ ನೋಡೋಣ."

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಕಾರಿನ ಪುಸ್ತಕ ತೆಗೆದು, ಕೈ ಚಾಚುವಷ್ಟು ಚಾಚಿ, ಕತ್ತನ್ನೂ ಹಿಂದಕ್ಕೆ ಎಳೆದುಕೊಂಡು ಪುಟ ತಿರುವಿದರು. "ಇಲ್ಲೇ ಇದೆಯಲ್ಲ. ಬ್ಲೂಟೂತ್, ಫೋನ್ ಜೋಡಿಸುವ ವಿಧಾನ. ಚಿತ್ರ ಸಮೇತ ಹಾಕಿದ್ದಾರೆ. ಇದೆ ಅಕ್ಕಾ."

ಹೋದ ಜೀವ ಬಂದಂತಾಯಿತು. ಟೈರಿನ ಗುಡ್ಡೆಯ ಹತ್ತಿರ ಬಂದು ಒಬ್ಬಳೇ ನಕ್ಕೆ. ನೋಡಿದವರು ಏನಂದುಕೊಂಡರೋ.

ಮಾರ್ಚ್ 2, ಸೋಮವಾರ

ನಿದ್ದೆ ಬಂತು. ಹೊಟ್ಟೆ ತುಂಬ ಉಂಡೆ. ನಾಳೆ ಇವರನ್ನು ಮನೆಗೆ ಕಳಿಸುತ್ತಾರಂತೆ.

ಇವತ್ತು ಒಬ್ಬ ಗಿರಾಕಿ ಕಾಯುವಾಗಲೇ ಗೋಡೆಯ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಒಳಗೆ ಬಂದು ಗಡಗಡನೆ ಒಪ್ಪಿಸಿದರು. ಕನ್ನಡಕ ಬೇಡವೆಂದು ಹಟವಿರುವವರು ಹೀಗೆ ಮಾಡುತ್ತಾರೆ. ಹಲಗೆ ಬದಲಿಸಿದ ಕೂಡಲೇ ಸಿಕ್ಕಿಬಿದ್ದರು. ನಾನು ನಕ್ಕೆ, ಅವರೂ ನಕ್ಕರು.

ಮಾರ್ಚ್ 5, ಗುರುವಾರ

ಇವರು ಮನೆಗೆ ಬಂದು ಮೂರು ದಿನವಾಯಿತು. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದ್ದೇವೆ. ವಾಕರ್ ಹಿಡಿದು ಬಚ್ಚಲುಮನೆಯವರೆಗೆ ಹೋಗಿ ಬರುತ್ತಾರೆ. ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ಅತ್ತೆಗೆ ಎಪ್ಪತ್ತೆಂಟು, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು. "ಇವನಿಗೆ ನಡೆಯೋದು ಎರಡನೇ ಸಲ ಕಲಿಸ್ತಾ ಇದ್ದೀನಿ. ಮೊದಲನೇ ಸಲಾನೇ ವಾಸಿ, ಇಷ್ಟು ಹಟ ಇರಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಇವರಿಗೆ ಹೊಸ ಫೋನ್ ತಂದುಕೊಟ್ಟಿದ್ದೇನೆ. ನಿನ್ನೆ ಅಂಗಡಿಯಿಂದ ಮನೆಗೆ ಹೋಗುವಷ್ಟರಲ್ಲಿ ಅದನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು.

"ಈಗೆಲ್ಲ ನಾಲ್ಕೂವರೆಗೆ ಫೋನೇ ಇಲ್ಲ?" ಅಂದರು.

"ಗಿರಾಕಿಗಳು ಜಾಸ್ತಿ" ಅಂದೆ.

ಏನಾದರೂ ಬೇಕಿದ್ದರೆ ನಾನು ಅತ್ತೆಗೆ ಫೋನ್ ಮಾಡುತ್ತೇನೆ. ಅದೇ ಸುಲಭ. ಮಲಗಿದವರನ್ನು ಯಾಕೆ ಎಬ್ಬಿಸಬೇಕು.

ಕಾರಿನ ವಿಷಯ ಇತ್ಯರ್ಥವಾಯಿತಲ್ಲ, ಇನ್ನು ಇವರಿಗೆ ಹೇಳುವ ಪ್ರಮೇಯವೇ ಇಲ್ಲ. ಬ್ಲೂಟೂತಿನಲ್ಲಿ ಮಾತಾಡಿದ್ದಾರೆ, ಬೇರೆ ಯಾವುದೋ ಕಾರಣಕ್ಕೆ ಗುದ್ದಿದೆ. ಬ್ರೇಕು ಇರಬಹುದು. ಸೆಕೆಂಡ್ ಹ್ಯಾಂಡ್ ಕಾರುಗಳ ಬ್ರೇಕನ್ನು ನಂಬಲಾಗುವುದಿಲ್ಲ.

ಮಾರ್ಚ್ 9, ಸೋಮವಾರ

ನನ್ನ ಒಳ್ಳೆಯತನವೇ ನನಗೆ ಮುಳುವಾಯಿತು.

ಗ್ಯಾರೇಜಿನ ಯಜಮಾನರ ಚಾಚಿದ ಕೈ ನನ್ನ ಕಣ್ಣಿಂದ ಹೋಗಿರಲಿಲ್ಲ. ಅಂಥ ಒಳ್ಳೆಯ ಸುದ್ದಿ ಕೊಟ್ಟ ಮನುಷ್ಯ, ಒಂದು ಉಪಕಾರ ಮಾಡೋಣವೆಂದು ಓದುವ ಕನ್ನಡಕಗಳನ್ನು ಮೂರು ನಂಬರಿನಲ್ಲಿ ತೆಗೆದುಕೊಂಡು ಹೋದೆ. ಅವರು ನಾಚಿಕೊಂಡರು. "ನನಗೇನೂ ಆಗಿಲ್ಲ ಅಕ್ಕಾ. ಬೆಳಕು ಸಾಲದು ಅಷ್ಟೇ" ಅಂದರು. ಎಲ್ಲರೂ ಮೊದಲು ತಪ್ಪನ್ನು ಬೆಳಕಿನ ಮೇಲೇ ಹಾಕುವುದು.

ಎರಡನೆಯದು ಸರಿಹೋಯಿತು. ತಮ್ಮ ಅಂಗೈಯನ್ನು ನೋಡಿಕೊಂಡರು, ಉಗುರು ನೋಡಿಕೊಂಡರು, ಗ್ರೀಸಿನ ಡಬ್ಬಿಯ ಮೇಲಿದ್ದುದನ್ನು ಓದಿದರು. ಮಗುವಿನ ಹಾಗೆ ಖುಷಿಯಾದರು. ಸಣ್ಣ ಅಕ್ಷರದ್ದು ಏನಾದರೂ ಓದಿ ನೋಡಿ ಎಂದವಳು ನಾನೇ. ಅವರು ಕಾರಿನ ಪುಸ್ತಕ ತಂದು ಅದೇ ಪುಟ ತೆಗೆದರು.

ಓದುತ್ತಾ ಓದುತ್ತಾ ಮುಖ ಸಣ್ಣದಾಯಿತು. "ಅಕ್ಕಾ, ಇಲ್ಲೊಂದು ನಕ್ಷತ್ರ ಇದೆ" ಅಂದರು.

ಬ್ಲೂಟೂತ್ ಎಂಬ ತಲೆಬರಹದ ಪಕ್ಕದಲ್ಲಿ ಇರುವೆಯ ತಲೆಯಷ್ಟು ನಕ್ಷತ್ರ. ಪುಟದ ಕೆಳಗೆ ಅದರದೇ ಇನ್ನೊಂದು. ಅದರ ಮುಂದೆ: ಕೆಲವು ಮಾದರಿಗಳಲ್ಲಿ ಮಾತ್ರ.

"ಆವತ್ತು ನನಗೆ ಇದು ಕಾಣಲೇ ಇಲ್ಲ. ತಪ್ಪಾಯ್ತು. ಈ ಪುಸ್ತಕ ಎಲ್ಲಾ ಮಾದರಿಗೂ ಒಂದೇ ಛಾಪಿಸಿರ್ತಾರೆ."

"ಗುಂಡಿ ಇದೆಯಲ್ಲ?"

"ಗುಂಡಿ ಇದ್ರೆ ಆಗಲಿಲ್ಲ ಅಕ್ಕಾ. ಎಲ್ಲಾ ಮಾದರಿಗೂ ಒಂದೇ ಸ್ಟೇರಿಂಗ್ ಹಾಕಿಬಿಡ್ತಾರೆ. ಹಿಂದೆ ಯಂತ್ರ ಇದೆಯೋ ಇಲ್ಲವೋ, ಬ್ಯಾಟರಿ ಕೊಟ್ಟು ನೋಡಿದ್ರೇನೇ ಗೊತ್ತಾಗೋದು. ಇನ್ನೊಂದು ವಾರ ಹತ್ತು ದಿನ."

ಅವರನ್ನು ಬೈಯುವುದು ಹೇಗೆ? ಇಪ್ಪತ್ತೆರಡು ವರ್ಷದಿಂದ ಕಣ್ಣು ನೋಡುವ ಕೆಲಸ ನನ್ನದು. ಎದುರಿಗಿರುವವರಿಗೆ ಹತ್ತಿರದ ಅಕ್ಷರ ಕಾಣುತ್ತಿಲ್ಲವೆಂದು ನೋಡಿದ ಕೂಡಲೇ ಗೊತ್ತಾಗಿತ್ತು. ಪುಸ್ತಕವನ್ನು ಇಸಿದುಕೊಂಡು ನಾನೇ ಓದಬಹುದಿತ್ತು. ಇದೆ ಎಂದದ್ದು ಕಿವಿಗೆ ಬಿದ್ದ ಕೂಡಲೇ ಓಡಿಬಂದೆ.

ಕನ್ನಡಕಕ್ಕೆ ಅವರು ಮೂರು ಸಲ ಥ್ಯಾಂಕ್ಸ್ ಹೇಳಿದರು.

ಮಾರ್ಚ್ 10, ಮಂಗಳವಾರ

ಊಟ ಸೇರಲಿಲ್ಲ. ಮೂವರ ಕಣ್ಣು ನೋಡಿದೆ.

ಮಾರ್ಚ್ 12, ಗುರುವಾರ

ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿಲ್ಲ. ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಕಾರಿನ ಷೋರೂಮಿಗೆ ಹೋದೆ. ಗಾಜು, ತಂಪು, ನೆಲದಲ್ಲಿ ಮುಖ ಕಾಣುವಷ್ಟು ಹೊಳಪು. ಕೌಂಟರಿನ ಹುಡುಗಿ ಹೊಸ ಕಾರು ತೋರಿಸಲು ಎದ್ದು ನಿಂತಳು. ನಾನು ನಮ್ಮ ಕಾರಿನ ಬಾಗಿಲಿನ ಒಳಗಿದ್ದ ಪಟ್ಟಿಯಿಂದ ಬರೆದುಕೊಂಡಿದ್ದ ನಂಬರು ಕೊಟ್ಟು, ಈ ಕಾರಿನಲ್ಲಿ ಕಂಪನಿಯಿಂದಲೇ ಬ್ಲೂಟೂತ್ ಬಂದಿತ್ತೇ ಎಂದು ಕೇಳಿದೆ.

ಕಂಪ್ಯೂಟರಿನಲ್ಲಿ ನೋಡಿದಳು. "ಇದು ಕೆಳಗಿನ ಮಾದರಿ ಮೇಡಂ. ರೇಡಿಯೋ ಮಾತ್ರ ಕೊಟ್ಟಿದ್ದಾರೆ. ಆದ್ರೆ ತುಂಬಾ ಜನ ಆಮೇಲೆ ಬದಲಾಯಿಸಿರ್ತಾರೆ. ಹಳೇ ಓನರನ್ನ ಕೇಳಿ ನೋಡಿ."

ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ನನ್ನ ಗಿರಾಕಿಗಳಿಗೆ ಎರಡು ಲೆನ್ಸು ತೋರಿಸಿ ಇದು ಚೆನ್ನಾಗಿದೆಯೋ, ಅದೋ ಎಂದು ಕೇಳಿದಾಗ "ಎರಡೂ ಒಂದೇ ಥರ" ಎನ್ನುವವರಿದ್ದಾರೆ. ಅವರ ಮೇಲೆ ನನಗೆ ಯಾವಾಗಲೂ ಸಿಟ್ಟು.

ಕಾರು ಮಾರಿದವರು ಚಿತ್ರಕಲೆಯ ಮೇಷ್ಟರು. ಕಾಗದಪತ್ರದಲ್ಲಿ ಅವರ ನಂಬರಿತ್ತು. ಅಪಘಾತದ ಸುದ್ದಿ ಕೇಳಿ ಪಾಪ ತುಂಬ ನೊಂದುಕೊಂಡರು. ತಾವೇ ಬಂದು ಗುದ್ದಿದವರ ಹಾಗೆ ಕ್ಷಮೆ ಕೇಳಿದರು. ಬ್ಲೂಟೂತ್ ಇದೆಯೇ ಎಂದಾಗ, "ಅದರ ಹೆಸರೆಲ್ಲ ನನಗೆ ಗೊತ್ತಿಲ್ಲಮ್ಮ. ಆದ್ರೆ ಫೋನಿನ ಹಾಡು ಕಾರಲ್ಲಿ ಬರ್ತಿತ್ತು. ದಾರಿಯುದ್ದಕ್ಕೂ ಕೇಳ್ತಿದ್ದೆ" ಅಂದರು.

ಫೋನಿನ ಹಾಡು ಕಾರಲ್ಲಿ ಬರುತ್ತಿತ್ತು ಎಂದರೆ ಫೋನಿನ ಮಾತೂ ಬರಬೇಕು. ಬಂದೇ ಬರಬೇಕು. ದಾರಿಯಲ್ಲಿ ಈ ಮಾತನ್ನು ಹತ್ತು ಸಲ ಹೇಳಿಕೊಂಡೆ.

ಆ ದಿನ ಇವರು "ಹೂಂ" ಅಂದದ್ದು ದೂರದಿಂದ ಬಂದ ಹಾಗಿತ್ತೋ, ಹತ್ತಿರದಿಂದಲೋ ಎಂದು ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಹಾಡು ಬರುತ್ತಿತ್ತು ಎಂದು ಕೇಳಿದ ಮೇಲೆ ದೂರದಿಂದ ಬಂದ ಹಾಗೇ ಅನಿಸುತ್ತಿದೆ.

ಮಾರ್ಚ್ 15, ಭಾನುವಾರ

ಬೆಳಿಗ್ಗೆ ಇವರ ತಲೆಗೆ ನೀರು ಹಾಕಿದೆ. ಪ್ಲಾಸ್ಟರ್ ನೆನೆಯದ ಹಾಗೆ ಎಡಗೈಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸ್ಟೂಲಿನ ಮೇಲೆ ಕೂರಿಸಿ. ಬಚ್ಚಲುಮನೆಯಲ್ಲಿ ಇನ್ನೂ ಬಲ್ಬು ಇಲ್ಲ. ಕಿಟಕಿಯ ಬೆಳಕಿನಲ್ಲೇ ನಡೆಯುತ್ತಿದೆ. ತರಬೇಕೆಂದು ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ಹೋದಾಗಲೆಲ್ಲ ಕಾಲು ಮುಂದಕ್ಕೇ ಎಳೆದುಕೊಂಡು ಹೋಗುತ್ತದೆ.

ಆ ಎಡಗೈಯನ್ನೇ ನೋಡುತ್ತಿದ್ದೆ. ಫೋನ್ ಹಿಡಿದದ್ದು ಇದೇ ಕೈಯೇ? ಹಿಡಿದದ್ದಕ್ಕೇ ಮುರಿಯಿತೇ? ಇವರು ತಲೆ ಎತ್ತಿ ನನ್ನ ಮುಖ ನೋಡಿದರು. ಸೋಪಿನ ನೀರು ಕಣ್ಣಿಗಿಳಿಯುತ್ತಿತ್ತು, ಆದರೂ ನೋಡಿದರು.

"ಕೋಪಾನಾ?" ಅಂದರು.

"ನನಗ್ಯಾಕೆ ಕೋಪ? ಕಣ್ಣು ಮುಚ್ಚಿ, ಸೋಪು ಹೋಗುತ್ತೆ" ಅಂದೆ.

ಮಧ್ಯಾಹ್ನ ಊಟದ ಹೊತ್ತಿಗೆ ಇವರು, ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಮದುಮಗನ ಕಥೆ ಶುರು ಮಾಡಿದರು. ನಾನು ಮೂವತ್ತು ಸಲ ಕೇಳಿದ್ದೇನೆ, ಮೂವತ್ತು ಸಲವೂ ನಕ್ಕಿದ್ದೇನೆ. ಇವತ್ತು ಅತ್ತೆ ಒಬ್ಬರೇ ನಕ್ಕರು. ನನಗೆ ಒಲೆಯ ಮೇಲೆ ಏನೋ ಇತ್ತು, ಎದ್ದು ಹೋದೆ.

ಅಡುಗೆಮನೆಗೆ ಅತ್ತೆ ಹಿಂದೆಯೇ ಬಂದರು. "ನೋಡಮ್ಮ, ಕಾರು ಹೋದ್ರೆ ಹೋಗ್ಲಿ. ಮನುಷ್ಯ ಉಳಿದಿದ್ದಾನೆ" ಅಂದರು. ಕಾರಿನ ಮಾತು ಯಾಕೆ ಬಂತೋ ತಿಳಿಯಲಿಲ್ಲ. ವಯಸ್ಸಾಯಿತು, ಏನಾದರೊಂದು ಹೇಳುತ್ತಿರುತ್ತಾರೆ.

ಇವರಿಗೆ ಹೇಳಿಬಿಡಬೇಕು ಎಂದು ಸಂಜೆ ಎರಡು ಸಲ ಬಾಗಿಲವರೆಗೆ ಹೋದೆ. ಮೊದಲು ಗೊತ್ತಾಗಲಿ. ಬ್ಲೂಟೂತ್ ಇದ್ದರೆ ಹೇಳುವ ಅಗತ್ಯವೇ ಇರುವುದಿಲ್ಲವಲ್ಲ.

ಮಾರ್ಚ್ 16, ಸೋಮವಾರ

ಅಂಗಡಿಗೆ ಹೋಗುವ ದಾರಿಯಲ್ಲಿ ಗ್ಯಾರೇಜು. ಇಣುಕಿದೆ. ಇಲ್ಲ, ಬ್ಯಾಟರಿ ಹಾಕಿಲ್ಲ. "ಅಕ್ಕಾ, ದಿನಾ ಬರ್ತೀರ. ಅಷ್ಟು ಬೇಕಿದ್ರೆ ನಾನೇ ಒಂದು ಬ್ಲೂಟೂತ್ ಸೆಟ್ ಹಾಕಿಕೊಡ್ತೀನಿ" ಅಂದರು ಯಜಮಾನರು. ಈಗ ಹಾಕಿದರೆ ಏನು ಬಂತು. ಬೇಡ ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಹೊಸದಾಗಿ ಹಾಕಿಕೊಂಡವರು ಎರಡೇ ವಾರದಲ್ಲಿ ಈ ನೋಟ ಕಲಿತುಬಿಡುತ್ತಾರೆ, ಯಜಮಾನರು ಒಂದೇ ವಾರದಲ್ಲಿ ಕಲಿತಿದ್ದಾರೆ.

ಮಾರ್ಚ್ 18, ಬುಧವಾರ, ಮಧ್ಯಾಹ್ನ

ಇಲ್ಲ.

ಹನ್ನೊಂದು ಗಂಟೆಗೆ ಯಜಮಾನರು ಅಂಗಡಿಗೆ ಫೋನ್ ಮಾಡಿ, ಬ್ಯಾಟರಿ ಕೊಟ್ಟಿದ್ದೇನೆ ಬನ್ನಿ ಎಂದರು. ಗಿರಾಕಿಯೊಬ್ಬರನ್ನು ಕುರ್ಚಿಯಲ್ಲೇ ಬಿಟ್ಟು ಓಡಿದೆ.

ಡ್ರೈವರ್ ಸೀಟಿನಲ್ಲಿ ಕೂತೆ. ಕೀಲಿ ತಿರುಗಿಸಿದರು. ರೇಡಿಯೋ ಪಟ್ಟಿಯ ಮೇಲೆ ಹಸಿರು ಬೆಳಕು ಬಂತು. ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ, ಒತ್ತಿಯೇ ಹಿಡಿದೆ. ಯಜಮಾನರು ನನ್ನ ಫೋನಿನಲ್ಲಿ ಬ್ಲೂಟೂತ್ ಹಾಕಿ ಹುಡುಕಲು ಬಿಟ್ಟರು. ಯಾರದೋ ಟಿವಿಯ ಹೆಸರು ಬಂತು, ಯಾರದೋ ಇಯರ್‌ಫೋನಿನ ಹೆಸರು ಬಂತು, ಬೀದಿಯಲ್ಲಿರುವುದೆಲ್ಲ ಬಂತು. ಕಾರು ಬರಲಿಲ್ಲ. ಹತ್ತು ನಿಮಿಷ ನೋಡಿದೆವು.

ಅವರು ರೇಡಿಯೋದ ಕೆಳಗೆ ಬೆರಳಾಡಿಸಿ ಒಂದು ಸಣ್ಣ ತೂತು ತೋರಿಸಿದರು. ಮೇಷ್ಟರ ಹಾಡು ಬರುತ್ತಿದ್ದುದು ಅಲ್ಲಿಂದ, ವೈರು ಚುಚ್ಚಿ. ಅದರಲ್ಲಿ ಹಾಡು ಕೇಳಬಹುದಂತೆ, ಆದರೆ ನಮ್ಮ ಮಾತು ಹಿಡಿಯುವ ಮೈಕೇ ಈ ಕಾರಿನಲ್ಲಿ ಇಲ್ಲವಂತೆ.

"ವೈರು ಇತ್ತಾ ಕಾರಲ್ಲಿ?"

"ಇರಲಿಲ್ಲ ಅಕ್ಕಾ. ನಾನೇ ಎಲ್ಲಾ ತೆಗೆದಿಟ್ಟಿದ್ದೆ. ಸೀಟಿನ ಕೆಳಗೆ ಒಡೆದ ಫೋನ್ ಒಂದು ಸಿಕ್ಕಿತ್ತು, ಅಷ್ಟೇ."

ಇನ್ನು ಕೇಳುವುದು ಏನೂ ಉಳಿಯಲಿಲ್ಲ. ಬಾನೆಟ್ಟಿಗೆ ಹೊಸ ಬಣ್ಣ ಹೊಡೆದಿದ್ದಾರೆ, ಏನೂ ಆಗಿಲ್ಲವೇನೋ ಅನ್ನುವಂತಿದೆ. ನಾನು ಸೀಟಿನಲ್ಲಿ ಕೂತೇ ಅತ್ತುಬಿಟ್ಟೆ. ಯಜಮಾನರು ಒಂದು ಲೋಟ ನೀರು ತಂದು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಆಚೆ ಹೋಗಿ ಬೇರೆ ಕಾರಿನ ಚಕ್ರ ಬಿಚ್ಚುತ್ತಾ ಕೂತರು.

ಇವತ್ತು ಸಂಜೆ ಹೇಳುತ್ತೇನೆ. ಏನಾದರೂ ಆಗಲಿ.

ಮಾರ್ಚ್ 19, ಗುರುವಾರ

ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಬಂದು ಕೂತಿದ್ದೇನೆ. ಮರೆಯುವ ಮೊದಲು ಬರೆಯಬೇಕು, ಮರೆಯುತ್ತೇನೆಂದಲ್ಲ.

ನಿನ್ನೆ ಸಂಜೆ ಮನೆಗೆ ಹೋದಾಗ ಇವರು ಮಂಚದಲ್ಲಿ ದಿಂಬಿಗೊರಗಿ ಕೂತಿದ್ದರು. ತಲೆ ಬಾಚಿಕೊಂಡಿದ್ದರು. ಅತ್ತೆ ಪಕ್ಕದ ಕುರ್ಚಿಯಲ್ಲಿ ಬಟ್ಟೆ ಮಡಚುತ್ತಿದ್ದರು. ನಾನು ಚೀಲ ಕೂಡ ಕೆಳಗಿಡದೆ, "ನಿಮಗೊಂದು ವಿಷಯ ಹೇಳಬೇಕು" ಎನ್ನುವಷ್ಟರಲ್ಲಿ ಇವರೇ, "ನಾನೂ ಒಂದು ಹೇಳಬೇಕು, ಮೊದಲು ನಾನು ಹೇಳಿಬಿಡ್ತೀನಿ" ಅಂದರು.

"ನನಗೆ ಆವತ್ತಿಂದು ನೆನಪು ಬಂತು" ಅಂದರು.

ನಾನು ಚೀಲ ಹಿಡಿದುಕೊಂಡೇ ನಿಂತೆ.

"ನೀನು ಫೋನ್ ಮಾಡಿದ್ದೆ. ನಾನು ಕಾರಲ್ಲೇ ಮಾತಾಡಿದೆ. ಸ್ಟೇರಿಂಗಲ್ಲಿ ಒಂದು ಗುಂಡಿ ಇದೆ, ಬ್ಲೂಟೂತು. ಅದನ್ನ ಒತ್ತಿದ್ರೆ ಆಯ್ತು, ಫೋನ್ ಮುಟ್ಟೋದೇ ಬೇಡ. ಎರಡೂ ಕೈ ಸ್ಟೇರಿಂಗ್ ಮೇಲೇ ಇತ್ತು. ನೀನು ಮಾತಾಡಿದ್ದು ಎಷ್ಟು ಸ್ಪಷ್ಟವಾಗಿ ಕೇಳಿಸ್ತು ಅಂದ್ರೆ, ಪಕ್ಕದಲ್ಲೇ ಕೂತ ಹಾಗಿತ್ತು. ಅಷ್ಟರಲ್ಲಿ ಒಂದು ಕಂದು ನಾಯಿ ಅಡ್ಡ ಬಂತು. ತಪ್ಪಿಸೋಕೆ ಹೋಗಿ ಕಂಬಕ್ಕೆ ಹೊಡೆದೆ. ಫೋನಿಗೂ ಅದಕ್ಕೂ ಸಂಬಂಧವೇ ಇಲ್ಲ."

ಒಂದೇ ಉಸಿರಿಗೆ, ಬಾಯಿಪಾಠ ಮಾಡಿದವರ ಹಾಗೆ ಒಪ್ಪಿಸಿದರು.

ಅತ್ತೆ ಬಟ್ಟೆ ಮಡಚುವುದನ್ನು ನಿಲ್ಲಿಸಿ, "ಬೆಳಿಗ್ಗೆ ಕರಿ ನಾಯಿ ಅಂದಿದ್ದೆ" ಅಂದರು.

"ಅಮ್ಮಾ, ನೀನು ಸುಮ್ಮನಿರು."

ನಾನು ಚೀಲ ಕೆಳಗಿಟ್ಟೆ. "ಆ ಗುಂಡಿಯ ಹಿಂದೆ ಏನೂ ಇಲ್ಲ ರೀ. ಇವತ್ತು ನೋಡಿಕೊಂಡೇ ಬಂದೆ" ಅಂದೆ.

"ಬ್ಯಾಟರಿ ಹಾಕೋದು ಶುಕ್ರವಾರ ಅಂದಿದ್ರಲ್ಲ ಅವರು?"

"ಇವತ್ತೇ ಹಾಕಿದ್ರು."

ಇವರು ಕಿಟಕಿಯ ಕಡೆ ತಿರುಗಿದರು. ಸುಳ್ಳು ಸಿಕ್ಕಿಬಿದ್ದ ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಸೋಮವಾರ ಗ್ಯಾರೇಜಿನ ಯಜಮಾನರು ಇವರಿಗೆ ಫೋನ್ ಮಾಡಿದ್ದರಂತೆ. ನಿಮ್ಮ ಮನೆಯವರು ಬ್ಲೂಟೂತ್ ಇದೆಯಾ ಇದೆಯಾ ಎಂದು ದಿನಾ ಬಂದು ಕೇಳುತ್ತಾರೆ, ಹೊಸದು ಹಾಕಲಾ ಎಂದರೆ ಬೇಡ ಎನ್ನುತ್ತಾರೆ, ನೀವಾದರೂ ಹೇಳಿ ಎಂದು. ಇವರಿಗೆ ಅಷ್ಟು ಸಾಕಾಯಿತು. ಇದು ಯಾವ ಲೆಕ್ಕಾಚಾರದ ಹುಡುಕಾಟ ಎಂದು ಮಲಗಿದ್ದಲ್ಲೇ ಗೊತ್ತಾಯಿತಂತೆ.

"ನೆನಪು ಯಾವಾಗ ಬಂತು?" ಎಂದು ಕೇಳಿದೆ.

"ಹೋಗಿದ್ರೆ ತಾನೇ ಬರೋದು?"

ಮೊದಲ ದಿನದಿಂದಲೂ ಇವರಿಗೆ ಎಲ್ಲ ನೆನಪಿದೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ನನ್ನ ಮುಖ ನೋಡಿ, ಇವಳ ಫೋನ್ ತೆಗೆದುಕೊಳ್ಳಲು ಹೋಗಿ ಹೀಗಾಯಿತೆಂದು ಹೇಳಿದರೆ ಇವಳು ಉಳಿಯುವುದಿಲ್ಲ ಅನಿಸಿತಂತೆ. ಡಾಕ್ಟರು ಕೇಳಿದಾಗ ನೆನಪಿಲ್ಲ ಎಂದುಬಿಟ್ಟರು. ಆಮೇಲೆ ಅದನ್ನೇ ಹಿಡಿದುಕೊಂಡರು.

"ಫೋನ್ ಪಕ್ಕದ ಸೀಟಿನ ಮೇಲಿತ್ತು. ರಿಂಗಾಯ್ತು, ನೋಡಿದೆ, ನಿನ್ನ ಹೆಸರಿತ್ತು. ಕಂಪನಿಯದ್ದಾಗಿದ್ರೆ ಗಾಡಿ ಪಕ್ಕಕ್ಕೆ ಹಾಕಿ ತಗೋತಿದ್ದೆ. ಆ ಒಂಬತ್ತು ದಿನವೂ ಹಾಗೇ ಮಾಡಿದ್ದೆ. ನಿನ್ನದು ಅಂತ ಕಂಡದ್ದಕ್ಕೆ ಕೈ ಹೋಯ್ತು."

"ನಾನು ಮಾಡದೇ ಇದ್ದಿದ್ರೆ..."

"ನೀನು ಮಾಡಿದೆ, ಅಷ್ಟೇ. ಎತ್ತಿದ್ದು ನಾನು. ಸ್ಟೇರಿಂಗಿಂದ ಕೈ ತೆಗೆದದ್ದು ನಾನು. ಅದನ್ನೂ ನೀನೇ ಹೊತ್ಕೊಂಡು ಓಡಾಡಿದ್ರೆ ನನಗೇನು ಉಳೀತು?"

ನಾನು ಮಂಚದ ಅಂಚಿನಲ್ಲಿ ಕೂತು ಹೊದಿಕೆಗೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ. ಇವರು ಬಲಗೈಯನ್ನು ನನ್ನ ತಲೆಯ ಮೇಲಿಟ್ಟರು. ನಮ್ಮತ್ತೆ ಮಡಚಿದ ಬಟ್ಟೆ ಎತ್ತಿಕೊಂಡು ಎದ್ದು ಹೋದರು. ಅವರು ಒಂದು ಮಾತೂ ಆಡದೆ ಎದ್ದು ಹೋದದ್ದನ್ನು ನಾನು ಕಂಡದ್ದು ಇದೇ ಮೊದಲು.

ಆಮೇಲೆ, ಅಳು ನಿಂತ ಮೇಲೆ, ಕೇಳಿದೆ: "ಇಷ್ಟು ದಿನ ನಾನು ಮಾತಾಡದೇ ಇದ್ದದ್ದು ಯಾಕೆ ಅಂದ್ಕೊಂಡ್ರಿ?"

"ಬುದ್ಧಿ ಇಲ್ಲದವನು, ಕಾರೂ ಹಾಳು ಮಾಡಿ, ಕಾಲೂ ಮುರಕೊಂಡು ಮನೇಲಿ ಬಿದ್ದಿದ್ದಾನೆ ಅಂತ ನಿನಗೆ ಸಿಟ್ಟು ಅಂದ್ಕೊಂಡೆ. ಮುಖ ಕೊಟ್ಟು ನೋಡ್ತಾನೇ ಇರಲಿಲ್ಲ ನೀನು. ಅಮ್ಮನಿಗೆ ಫೋನ್ ಮಾಡ್ತಿದ್ದೆ, ನನಗೆ ಮಾಡ್ತಿರಲಿಲ್ಲ. ಆಸ್ಪತ್ರೇಲೇ ಇದ್ದಿದ್ರೆ ಚೆನ್ನಾಗಿತ್ತು ಅನಿಸ್ತಿತ್ತು ಒಂದೊಂದು ಸಲ."

ಹಾಗೆ ನಾನು ಮಾಡಿದ್ದೇನೆಯೇ ಎಂದು ಈಗ ಈ ಡೈರಿಯ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಮಾಡಿದ್ದೇನೆ. ನನ್ನ ಕೈಯಲ್ಲೇ ಬರೆದಿದ್ದೇನೆ, ಬರೆಯುವಾಗ ಕಂಡಿರಲಿಲ್ಲ. ಹದಿನೈದು ದಿನದಿಂದ ಈ ಮನುಷ್ಯ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿ, ಹೆಂಡತಿ ತನ್ನನ್ನು ಕ್ಷಮಿಸಿಲ್ಲ ಎಂದುಕೊಂಡು ಸುಮ್ಮನಿದ್ದರು. ನಾನು ಗ್ಯಾರೇಜಿನಲ್ಲಿ ಗುಂಡಿ ಒತ್ತಿ ನೋಡುತ್ತಿದ್ದೆ.